ಮುಖ ಒಂದೇ, ಬೆನ್ನು ಬೇರೆ

(ಸಾಗರದಲ್ಲಿ ಮಳೆಗಾಲದ ಒಂದು ಭಾನುವಾರ ಆಡಿದ ಮಾತಿನ ಬರಹ ರೂಪ. ನಡುವೆ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹೊರಗೆ ಈ ಪರಿ ಮಳೆ ಹೊಡೆಯುತ್ತಿದ್ದರೂ ಇಷ್ಟು ಜನ ಬಂದಿದ್ದೀರಿ. ಸುಮಾರು ಜನರ ಮಡಿಲಲ್ಲಿ ಡಬ್ಬಿ ಕಾಣುತ್ತಿದೆ. ಕುಂಕುಮದ ಭರಣಿ, ಹಳೇ ಬಿಸ್ಕತ್ತಿನ ಡಬ್ಬ, ಗಂಟು ಹಾಕಿದ ಕರ್ಚೀಫು. ಒಳಗೆ ಏನಿದೆ ಅಂತ ಊಹಿಸಬಲ್ಲೆ. ನೀವು ಏನು ಕೇಳಬೇಕು ಅಂತ ಬಂದಿದ್ದೀರಿ ಅನ್ನೋದಂತೂ ಖಂಡಿತ ಗೊತ್ತು. 'ಇದಕ್ಕೆ ಎಷ್ಟು ಸಿಗುತ್ತೆ?' ಅಲ್ವಾ?

ಕೇಳಿ, ಬೇಜಾರಿಲ್ಲ. ಆದರೆ ಕೊನೆಗೆ ಕೇಳಿ. ಅದನ್ನು ಮೊದಲೇ ಕೇಳಿ ನಾನು ಪೆಟ್ಟು ತಿಂದಿದ್ದೇನೆ. ಆ ಕತೆ ಹೇಳಿ ಮುಂದೆ ಹೋಗುತ್ತೇನೆ.

ನಾನು ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದವನು. ಕೈಗೆ ಬಂದ ನಾಣ್ಯ ಲಕ್ಷಾಂತರ. ಒಂದನ್ನೂ ನೋಡಿರಲಿಲ್ಲ, ಬರೀ ಎಣಿಸಿದ್ದೆ. ಹುಟ್ಟಿದ್ದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ. ನಮ್ಮ ಅಜ್ಜಿಯ ಸರದಲ್ಲಿ ಒಂದು ಪುಟ್ಟ ಬಂಗಾರದ ಬಿಲ್ಲೆ ಇತ್ತು. ಅದರ ಮೇಲೆ ಶಿವ ಪಾರ್ವತಿ ಕೂತಿದ್ದರು. ಆ ಬದಿ ಯಾವಾಗಲೂ ಹೊರಗೆ, ಇನ್ನೊಂದು ಬದಿ ಎದೆಗೆ. ಅಜ್ಜಿ ತೀರಿಕೊಂಡ ಮೇಲೆ ಅದು ಅಮ್ಮನ ಪೆಟ್ಟಿಗೆಗೆ ಬಂತು, ಆಮೇಲೆ ನನಗೆ. ಮನೆ ಕಟ್ಟಿಸುವಾಗ ದುಡ್ಡು ಸಾಲಲಿಲ್ಲ. ಚಿನ್ನದ ಅಂಗಡಿಗೆ ಹೋಗಿ ಬಿಲ್ಲೆ ಮುಂದಿಟ್ಟು 'ಎಷ್ಟು ಸಿಗುತ್ತೆ?' ಎಂದೆ. ಅವರು ಒರೆಗಲ್ಲಿಗೆ ಉಜ್ಜಿದರು, ತೂಗಿದರು, ಸವಕಳಿ ಅಂತ ಒಂದಿಷ್ಟು ಕಳೆದರು, ದುಡ್ಡು ಕೊಟ್ಟರು. ನನ್ನ ಕಣ್ಣೆದುರೇ ಅದು ಬೇರೆ ಚೂರುಗಳ ಜೊತೆ ಮೂಸೆಗೆ ಹೋಯಿತು. ಅವರು ಮೋಸವೇನೂ ಮಾಡಲಿಲ್ಲ. ನಾನು ಬಂಗಾರ ಅಂತ ಕೊಟ್ಟೆ, ಅವರು ಬಂಗಾರ ಅಂತ ತಗೊಂಡರು.

ಎಷ್ಟೋ ವರ್ಷದ ನಂತರ ಮಗಳ ಹಳೇ ಪುಸ್ತಕಗಳನ್ನು ರದ್ದಿಗೆ ಹಾಕಲು ತೆಗೆದೆ. ನಾಲ್ಕನೇ ಕ್ಲಾಸಿನ ನೋಟ್‌ಬುಕ್ಕಿನಲ್ಲಿ ಒಂದು ಪುಟದ ತುಂಬ ನಾಣ್ಯದ ಅಚ್ಚುಗಳು. ಕಾಸಿನ ಮೇಲೆ ಹಾಳೆ ಇಟ್ಟು ಪೆನ್ಸಿಲ್ ಉಜ್ಜೋದು, ನಾವೆಲ್ಲ ಚಿಕ್ಕವರಿದ್ದಾಗ ಮಾಡಿದ್ದೇವಲ್ಲ, ಅದು. ಎಂಟಾಣೆ, ಒಂದು ರೂಪಾಯಿ, ಅವುಗಳ ನಡುವೆ ಅಜ್ಜಿಯ ಬಿಲ್ಲೆ. ಎರಡೂ ಬದಿ. ಒಂದರಲ್ಲಿ ಶಿವ ಪಾರ್ವತಿ. ಇನ್ನೊಂದರಲ್ಲಿ ಚುಕ್ಕೆಗಳ ನಡುವೆ ಕೊಕ್ಕೆಯ ಹಾಗೆ ಬಾಗಿದ ಒಂದೇ ಒಂದು ಅಕ್ಷರ. ಅಷ್ಟು ಹೊತ್ತಿಗೆ ನನಗೆ ನಾಣ್ಯದ ಹುಚ್ಚು ಹತ್ತಿತ್ತು. ನೋಡಿದ ತಕ್ಷಣ ಗೊತ್ತಾಯಿತು. ಅದು ಪರ್ಷಿಯನ್ ಲಿಪಿಯ 'ಹೇ'. ಹೈದರ್ ಅಲಿಯ ಹೆಸರಿನ ಮೊದಲ ಅಕ್ಷರ.

ನಮ್ಮಜ್ಜಿ ಜೀವಮಾನವಿಡೀ ಶಿವ ಪಾರ್ವತಿಯನ್ನು ಊರಿಗೆ ತೋರಿಸಿ, ಹೈದರನನ್ನು ಎದೆಗೆ ಒತ್ತಿಕೊಂಡು ಓಡಾಡಿದ್ದಳು. ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಮಗುಚಿ ನೋಡಿದವಳು ನಾಲ್ಕನೇ ಕ್ಲಾಸಿನ ಹುಡುಗಿ ಒಬ್ಬಳೇ.

ಈಗ ಆ ಬಿಲ್ಲೆಯ ಹಿಂದಿನ ಕತೆ. ಇದು ನಮ್ಮ ನೆಲದ್ದೇ ಕತೆ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಕೆಳದಿ ನಾಯಕರು 1499ರಿಂದ 1763ರ ತನಕ ಆಳಿದರು. ರಾಜಧಾನಿ ಮೊದಲು ಕೆಳದಿ, ಆಮೇಲೆ ಇಕ್ಕೇರಿ, ಆಮೇಲೆ ಬಿದನೂರು. ಅವರ ಬಂಗಾರದ ನಾಣ್ಯಕ್ಕೆ ಇಕ್ಕೇರಿ ವರಹ ಅಂತಲೇ ಹೆಸರು. ತೂಕ ಸುಮಾರು 3.4 ಗ್ರಾಂ. ಮುಂಬದಿಯಲ್ಲಿ ಶಿವ ಪಾರ್ವತಿ. ಹಿಂಬದಿಯಲ್ಲಿ ನಾಗರಿ ಲಿಪಿಯಲ್ಲಿ, ಮೂರು ಸಾಲಿನಲ್ಲಿ 'ಶ್ರೀ ಸದಾಶಿವ'. ಸದಾಶಿವ ನಾಯಕನ ನಂತರ ಪಟ್ಟಕ್ಕೆ ಬಂದವರೂ ಇದೇ ಹೆಸರನ್ನು ಮುಂದುವರಿಸಿದರು. ಹಾಗಾಗಿ 'ಶ್ರೀ ಸದಾಶಿವ' ಎಂದಿದ್ದ ಮಾತ್ರಕ್ಕೆ ಸದಾಶಿವ ನಾಯಕನೇ ಹಾಕಿಸಿದ್ದು ಅನ್ನೋ ಹಾಗಿಲ್ಲ. ಶಿವಪ್ಪ ನಾಯಕನ ಕಾಲದ್ದೂ ಇರಬಹುದು, ಚೆನ್ನಮ್ಮಾಜಿಯ ಕಾಲದ್ದೂ ಇರಬಹುದು.

ಈ ಶಿವ ಪಾರ್ವತಿ ಕೆಳದಿಯವರ ಸ್ವಂತ ಕಲ್ಪನೆಯೂ ಅಲ್ಲ. ಅದಕ್ಕೂ ಮುಂಚೆ ವಿಜಯನಗರದ ಎರಡನೇ ಹರಿಹರ, ದೇವರಾಯರ ನಾಣ್ಯಗಳಲ್ಲಿ ಉಮಾ ಮಹೇಶ್ವರ ಬಂದಿದ್ದರು. ಅಲ್ಲಿ ಬೆನ್ನ ಮೇಲೆ 'ಶ್ರೀ ಪ್ರತಾಪ ಹರಿಹರ' ಅಂತಲೋ 'ಶ್ರೀ ಪ್ರತಾಪ ದೇವರಾಯ' ಅಂತಲೋ ಇರುತ್ತದೆ.

1763ರಲ್ಲಿ ಹೈದರ್ ಅಲಿ ಬಿದನೂರನ್ನು ಹಿಡಿದ. ಊರಿಗೆ ಹೈದರ್‌ನಗರ ಅಂತ ಹೆಸರಿಟ್ಟ. ಇವತ್ತಿನ ನಗರ ಅದೇ. ಊರಿನ ಹೆಸರು ಬದಲಾಯಿಸಿದವನು ನಾಣ್ಯದ ಮುಖ ಬದಲಾಯಿಸಲಿಲ್ಲ. ಶಿವ ಪಾರ್ವತಿ ಹಾಗೇ ಉಳಿದರು. ಬೆನ್ನ ಮೇಲೆ ಮಾತ್ರ ತನ್ನ ಒಂದಕ್ಷರ ಹಾಕಿಸಿದ. ಯಾಕೆ ಅಂತ ಸಾಗರದ ಅಡಿಕೆ ವ್ಯಾಪಾರಿಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕಾಳುಮೆಣಸು, ಅಕ್ಕಿ, ಅಡಿಕೆ ಕೊಳ್ಳುವವರು, ಮಾರುವವರು ಆ ಮುಖವನ್ನು ನಂಬಿದ್ದರು. ನಂಬಿಕೆ ಇರೋ ಬ್ರ್ಯಾಂಡಿನ ಚೀಲ ಬದಲಾಯಿಸಿದರೆ ಗಿರಾಕಿ ಅನುಮಾನ ಪಡುತ್ತಾನೆ.

ಟಿಪ್ಪುವಿನ ಕಾಲಕ್ಕೆ ಮುಖವೂ ಹೋಯಿತು. ಅವನ ಬಂಗಾರದ ನಾಣ್ಯಗಳಲ್ಲಿ ಎರಡೂ ಬದಿ ಪರ್ಷಿಯನ್ ಅಕ್ಷರ. ಅವನ ಟಂಕಸಾಲೆಗಳಲ್ಲಿ ನಮ್ಮ ನಗರವೂ ಒಂದು, ನಾಣ್ಯದ ಮೇಲೆಯೇ ಆ ಹೆಸರಿದೆ. 1799ರಲ್ಲಿ ಟಿಪ್ಪು ಮಡಿದ ಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರು ಪಟ್ಟಕ್ಕೆ ಬಂದರು. ವರಹದ ಮೇಲೆ ಶಿವ ಪಾರ್ವತಿ ಮತ್ತೆ ಬಂದು ಕೂತರು. ಬೆನ್ನ ಮೇಲೆ ನಾಗರಿಯಲ್ಲಿ 'ಶ್ರೀ ಕೃಷ್ಣರಾಜ'.

ನೋಡಿ, ಮುಂಬದಿ ಮಾತ್ರ ನೋಡಿದರೆ ವಿಜಯನಗರ, ಇಕ್ಕೇರಿ, ಹೈದರ್, ಕೃಷ್ಣರಾಜ ಎಲ್ಲ ಒಂದೇ ಥರ. ಅಕ್ಕಸಾಲಿಗರಿಗೆ ನಾಲ್ಕೂ ಅಷ್ಟಷ್ಟು ಬಂಗಾರ. ಸಂಗ್ರಹ ಮಾಡುವವರಿಗೆ ನಾಲ್ಕೂ ಬೇರೆ, ನಾಲ್ಕರ ಬೆಲೆಯೂ ಬೇರೆ.

ಆನೆ ಕಾಸಿನ ಕತೆಯೂ ಇದೇ. ನಮ್ಮ ಕಡೆ ತೋಟ ಅಗೆಯುವಾಗ, ಹಳೇ ಮನೆ ಕೆಡವುವಾಗ ತಾಮ್ರದ ಆನೆ ಕಾಸು ಸಿಗುತ್ತಲೇ ಇರುತ್ತವೆ. ಸಿಕ್ಕವರು ಕೂಡಲೇ 'ಟಿಪ್ಪು ಕಾಸು' ಅಂದುಬಿಡುತ್ತಾರೆ. ಇರಬಹುದು. ಮಗುಚಿ. ಬೆನ್ನ ಮೇಲೆ ಪರ್ಷಿಯನ್‌ನಲ್ಲಿ ಟಂಕಸಾಲೆಯ ಹೆಸರಿದ್ದರೆ ಟಿಪ್ಪುವಿನದು. 'ಮಯಿಲಿ ಕಾಸು ಇಪ್ಪತ್ತು' ಅಂತ ಕನ್ನಡದಲ್ಲೂ, ಇಪ್ಪತ್ತು ಕ್ಯಾಷ್ ಅಂತ ಇಂಗ್ಲಿಷಿನಲ್ಲೂ ಇದ್ದರೆ ಮುಮ್ಮಡಿ ಕೃಷ್ಣರಾಜರದು. ಅವರ ಆನೆಯ ಮೇಲೆ ಸೂರ್ಯ ಚಂದ್ರರೂ ಇರುತ್ತಾರೆ. ಬೆನ್ನ ಮೇಲೆ ಬರೀ ಅಡ್ಡ ಉದ್ದ ಗೀಟಿನ ಚೌಕಗಳಿದ್ದರೆ ಅದು ಇನ್ನೂ ಹಿಂದಿನ ಮೈಸೂರು ಒಡೆಯರ ಬಗೆ. ಆನೆ ಯಾವ ಕಡೆ ಮುಖ ಮಾಡಿದೆ, ಸೊಂಡಿಲು ಎತ್ತಿದೆಯೋ ಇಳಿಬಿಟ್ಟಿದೆಯೋ ಅನ್ನೋದೂ ಲೆಕ್ಕಕ್ಕೆ ಬರುತ್ತದೆ. ನಮಗೆ ಆನೆ ಅಂದರೆ ಆನೆ. ನಾಣ್ಯದವರಿಗೆ ಬಲಗಡೆ ಆನೆ ಬೇರೆ, ಎಡಗಡೆ ಆನೆ ಬೇರೆ.

ಇಲ್ಲಿ ಹಿಂದಿನ ಸಾಲಿನಿಂದ ಒಬ್ಬ ಹುಡುಗ ಕೇಳಿದ. 'ಸರ್, ಪರ್ಷಿಯನ್ ಓದಲು ಬರದವರು ಏನು ಮಾಡಬೇಕು?'

ನನಗೂ ಬರುವುದಿಲ್ಲ ತಮ್ಮಾ. ಆದರೆ ಅಂಕಿಗಳು ಹತ್ತೇ ಇರೋದು. ಒಂದು ಸಂಜೆಯಲ್ಲಿ ಕಲಿಯಬಹುದು. ಟಿಪ್ಪುವಿನ ವಿಷಯದಲ್ಲಿ ಒಂದು ತಮಾಷೆ ಇದೆ. ಸುಮಾರು 1787ರಿಂದ ಅವನು ಹಿಜರಿ ವರ್ಷ ಬಿಟ್ಟು ಪೈಗಂಬರರ ಹುಟ್ಟಿನಿಂದ ಎಣಿಸುವ ಹೊಸ ವರ್ಷ ತಂದ. ಅದರ ಜೊತೆ ಅಂಕಿಗಳನ್ನೂ ಬಲದಿಂದ ಎಡಕ್ಕೆ ಬರೆಸಿದ. ಹಾಗಾಗಿ 1218 ಅನ್ನೋದು ನಿಮ್ಮ ಕಣ್ಣಿಗೆ 8121 ಅಂತ ಕಾಣುತ್ತದೆ. ಎಂಟು ಸಾವಿರದ ಇಸವಿಯ ನಾಣ್ಯ ಅಂತ ಗಾಬರಿ ಬೀಳಬೇಡಿ. ಅಕ್ಷರಗಳನ್ನು ಓದಬೇಕಾಗಿಯೇ ಇಲ್ಲ, ಆಕಾರ ಹೋಲಿಸಿದರೆ ಸಾಕು. ನಾಣ್ಯವನ್ನು ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿದು ಎರಡೂ ಬದಿಯ ಫೋಟೋ ತೆಗೆಯಿರಿ. ಫ್ಲ್ಯಾಷ್ ಬೇಡ, ಅದು ಉಬ್ಬು ತಗ್ಗನ್ನೆಲ್ಲ ನುಂಗಿಬಿಡುತ್ತದೆ. ಕ್ಯಾಟಲಾಗಿನ ಚಿತ್ರದ ಪಕ್ಕ ಇಟ್ಟು ನೋಡಿ. ಸವೆದ ನಾಣ್ಯವಾದರೆ ನನ್ನ ಮಗಳ ಪೆನ್ಸಿಲ್ ಉಪಾಯ ಈಗಲೂ ಚೆನ್ನಾಗಿ ಕೆಲಸ ಮಾಡುತ್ತದೆ. ಮೆತ್ತಗೆ ಉಜ್ಜಬೇಕು ಅಷ್ಟೇ.

ಇನ್ನು ನಿಮ್ಮ ಡಬ್ಬಿಗಳಿಗೆ ಬರೋಣ. ವರಹ ಇರೋ ಮನೆ ಕಡಿಮೆ. ಬೆಳ್ಳಿ ರೂಪಾಯಿ ಇಲ್ಲದ ಮನೆ ನಮ್ಮ ಮಲೆನಾಡಿನಲ್ಲಿ ಇನ್ನೂ ಕಡಿಮೆ. ದೀಪಾವಳಿ ಲಕ್ಷ್ಮೀ ಪೂಜೆಗೆ ತಟ್ಟೆಯಲ್ಲಿ ಇಡುವ ರಾಣಿ ರೂಪಾಯಿ, ರಾಜ ರೂಪಾಯಿ. ಅದರ ತೂಕ 11.66 ಗ್ರಾಂ, ಅಂದರೆ ಸರಿಯಾಗಿ ಒಂದು ತೊಲ. ನಿಮ್ಮಜ್ಜ ಬಂಗಾರ ತೂಗಲು ತಕ್ಕಡಿಯ ಒಂದು ಬದಿಗೆ ರೂಪಾಯಿ ಹಾಕುತ್ತಿದ್ದರಲ್ಲ, ಅದಕ್ಕೇ. ನೂರರಲ್ಲಿ ಸುಮಾರು 92 ಪಾಲು ಬೆಳ್ಳಿ, ಉಳಿದದ್ದು ತಾಮ್ರ.

ಇಸವಿ ನೋಡಿ ಜನ ಮೋಸ ಹೋಗುವುದು ಇಲ್ಲೇ. '1840ರದ್ದು ಸರ್, ಇನ್ನೂರು ವರ್ಷ ಆಗುತ್ತಾ ಬಂತು' ಅಂತ ತರುತ್ತಾರೆ. ಕಂಪನಿ ಸರಕಾರ 1840 ಅಂತ ಇಸವಿ ಹಾಕಿದ ರೂಪಾಯಿಯನ್ನು 1862ರ ಹೊಸ ನಾಣ್ಯ ಬರುವ ತನಕ ಅದೇ ಇಸವಿಯಲ್ಲಿ ಅಚ್ಚು ಹಾಕುತ್ತಲೇ ಇತ್ತು. 1862 ಅನ್ನೋ ಇಸವಿಯದೂ ಅದೇ ಹಾಡು, ಅದನ್ನು 1874ರ ತನಕ ಎಳೆದರು. ಬೊಂಬಾಯಿಯವರು ಮಾತ್ರ ಹಿಂಬದಿಯಲ್ಲಿ ಸಣ್ಣ ಸಣ್ಣ ಚುಕ್ಕೆ ಇಟ್ಟು ನಿಜವಾದ ವರ್ಷದ ಗುರುತು ಉಳಿಸಿದರು. ಆ ಚುಕ್ಕೆ ಎಣಿಸೋರು ಇದ್ದಾರೆ, ಭೂತಗನ್ನಡಿ ಹಿಡಿದು. ನಾನೂ ಒಬ್ಬ. ಚುಕ್ಕೆಯ ಲೆಕ್ಕ ಬದಲಾದರೆ ಬೆಲೆ ಬದಲಾಗುತ್ತದೆ, ಆದರೆ ಸಾಮಾನ್ಯವಾಗಿ ಸಿಗುವ 1862 ಬೆಳ್ಳಿಯ ಬೆಲೆಗಿಂತ ಬಹಳ ಮೇಲೆ ಹೋಗುವುದಿಲ್ಲ. ಹಳೆಯದು ಅನ್ನೋದು ಒಂದು, ಅಪರೂಪದ್ದು ಅನ್ನೋದು ಇನ್ನೊಂದು.

ಅದೇ 1939ರ ಆರನೇ ಜಾರ್ಜ್ ರೂಪಾಯಿ ನೋಡಿ. ವಯಸ್ಸಿನಲ್ಲಿ ವಿಕ್ಟೋರಿಯಾ ರಾಣಿಯ ರೂಪಾಯಿಗೆ ಮೊಮ್ಮಗ. ಆದರೆ ಹೊರಗೆ ಬಂದದ್ದು ಬಹಳ ಕಡಿಮೆ. ಹಾಗಾಗಿ ಅಜ್ಜಿಗಿಂತ ಮೊಮ್ಮಗನೇ ಎಷ್ಟೋ ಪಟ್ಟು ದುಬಾರಿ. ಈ ಕಾರಣಕ್ಕೇ 1938ರ ಎಂಟನ್ನು ಕೆತ್ತಿ ಒಂಬತ್ತು ಮಾಡಿದ ನಾಣ್ಯಗಳು ಓಡಾಡುತ್ತಿವೆ. 1939 ಅಂತ ಯಾರಾದರೂ ತೋರಿಸಿದರೆ ಮೊದಲು ಕೊನೆಯ ಅಂಕಿಗೆ ಭೂತಗನ್ನಡಿ ಹಿಡಿಯಿರಿ. 1940ರಿಂದ ಮುಂದಿನ ಜಾರ್ಜ್ ರೂಪಾಯಿಯಲ್ಲಿ ಬೆಳ್ಳಿ ಅರ್ಧಕ್ಕರ್ಧ ಮಾತ್ರ, ಯುದ್ಧದ ಕಾಲ. 1947ರದ್ದು ಹುಲಿ ಇರೋ ನಿಕ್ಕಲ್ ರೂಪಾಯಿ, ಬೆಳ್ಳಿಯೇ ಇಲ್ಲ.

ಐದನೇ ಜಾರ್ಜನ 1911ರ ರೂಪಾಯಿ ಗೊತ್ತಿರಬೇಕಲ್ವಾ? ರಾಜನ ನಿಲುವಂಗಿಯ ಮೇಲೆ ಒಂದು ಪುಟ್ಟ ಆನೆ ಕೆತ್ತಿದ್ದರು. ಸೊಂಡಿಲು ಮೋಟಾಯಿತು. ಜನರ ಕಣ್ಣಿಗೆ ಹಂದಿಯಂತೆ ಕಂಡಿತು. ಗದ್ದಲ ಎದ್ದಿತು. ಹಾಕಿದ್ದರಲ್ಲಿ ಬಹುಪಾಲು ವಾಪಸ್ ತೆಗೆದುಕೊಂಡು ಕರಗಿಸಿದರು. 1912ರಲ್ಲಿ ಸೊಂಡಿಲು ಉದ್ದ ಮಾಡಿದರು. ಹಾಗಾಗಿ 1911 ಇದ್ದರೆ ಬೇರೆ ಎತ್ತಿಡಿ.

ಇದು ನಿಜವಾದ ಬೆಳ್ಳಿಯೋ ಅಲ್ಲವೋ ಅಂತ ಮನೆಯಲ್ಲೇ ನೋಡಬಹುದು. ಒರೆಗಲ್ಲು ಬೇಡ, ಆಸಿಡ್ಡೂ ಬೇಡ. ಅಕ್ಕಸಾಲಿಗರು ಇಟ್ಟುಕೊಳ್ಳುವಂಥ ಸಣ್ಣ ಡಿಜಿಟಲ್ ತಕ್ಕಡಿ ಬೇಕು, ಗ್ರಾಮಿನ ನೂರನೇ ಒಂದು ಭಾಗ ತೋರಿಸುವಂಥದ್ದು. ಈಗ ಇಲ್ಲಿ ಮೇಜಿನ ಮೇಲೆ ಮಾಡಿ ತೋರಿಸುತ್ತೇನೆ. ಮೊದಲು ನಾಣ್ಯ ತೂಗಿದೆ. 11.60. ಸ್ವಲ್ಪ ಸವೆದಿದೆ, ಸರಿ. ಈಗ ಒಂದು ಸಣ್ಣ ಪ್ಲಾಸ್ಟಿಕ್ ಲೋಟದಲ್ಲಿ ನೀರು ಹಾಕಿ ತಕ್ಕಡಿ ಮೇಲಿಟ್ಟೆ, ಅಂಕಿಯನ್ನು ಸೊನ್ನೆ ಮಾಡಿದೆ. ನಾಣ್ಯಕ್ಕೆ ತೆಳು ದಾರ ಕಟ್ಟಿ ನೀರೊಳಗೆ ಇಳಿಬಿಟ್ಟೆ. ತಳಕ್ಕೂ ಬದಿಗೂ ತಾಗಬಾರದು. ತಕ್ಕಡಿ 1.13 ಅನ್ನುತ್ತಿದೆ. ಮೊದಲ ಅಂಕಿಯನ್ನು ಎರಡನೆಯದರಿಂದ ಭಾಗಿಸಿ, ಅಷ್ಟೇ ಗಾತ್ರದ ನೀರಿಗಿಂತ ನಾಣ್ಯ ಎಷ್ಟು ಪಟ್ಟು ಭಾರ ಅಂತ ಗೊತ್ತಾಗುತ್ತದೆ. 10.3ರ ಸುತ್ತಮುತ್ತ ಬಂತಲ್ಲ. ಇದು ಸರಿಯಾದ ಬೆಳ್ಳಿ ರೂಪಾಯಿ. ತಾಮ್ರ ನಿಕ್ಕಲ್ಲಿನ ನಕಲಿಯಾದರೆ ಒಂಬತ್ತನ್ನೂ ಮುಟ್ಟುವುದಿಲ್ಲ. ಅಥವಾ ಅಳತೆ ಸರಿಯಿದ್ದು ತೂಕವೇ ಹತ್ತು ಗ್ರಾಮಿನ ಹತ್ತಿರ ನಿಲ್ಲುತ್ತದೆ. ವರಹದಲ್ಲಂತೂ ಇನ್ನೂ ಸುಲಭ. ಬಂಗಾರದ ನೀರು ಕುಡಿಸಿದ ಹಿತ್ತಾಳೆ ಅದೇ ಗಾತ್ರಕ್ಕೆ ಹೆಚ್ಚು ಕಡಿಮೆ ಅರ್ಧ ತೂಕ ಮಾತ್ರ ತೂಗುತ್ತದೆ.

ಆಯಸ್ಕಾಂತವನ್ನೂ ಹಿಡಿಯಿರಿ. ಬಂಗಾರ, ಬೆಳ್ಳಿ, ತಾಮ್ರ ಯಾವುದೂ ಅಂಟಬಾರದು. ಅಂಟಲಿಲ್ಲ ಅಂದ ಮಾತ್ರಕ್ಕೆ ಅಸಲಿ ಅಂತಲೂ ಅಲ್ಲ, ಹಿತ್ತಾಳೆಯೂ ಅಂಟುವುದಿಲ್ಲ. ಆಮೇಲೆ ಅಂಚು. ಅಚ್ಚು ಹೊಡೆದ ನಾಣ್ಯದ ಅಕ್ಷರ ಚೂಪಾಗಿರುತ್ತದೆ. ಎರಕ ಹೊಯ್ದ ನಕಲಿಯಲ್ಲಿ ಅಕ್ಷರ ಬೆಲ್ಲದ ಹಾಗೆ ಮೆತ್ತಗೆ ಕರಗಿದಂತೆ ಕಾಣುತ್ತದೆ, ಮೈಮೇಲೆ ಸೂಜಿಮೊನೆಯಷ್ಟು ಗುಳಿಗಳಿರುತ್ತವೆ, ಅಂಚಿನ ಸುತ್ತ ಎರಡು ಅರ್ಧ ಸೇರಿದ ಗೆರೆ ಸಿಗುತ್ತದೆ.

ಇದಾದ ಮೇಲೆ ಸ್ಥಿತಿ. ಇದನ್ನು ಬೇರೆ ಊರಿನಲ್ಲಿ ಹೇಳಲು ಕಷ್ಟಪಡುತ್ತೇನೆ. ಇಲ್ಲಿ ಸುಲಭ. ನಮ್ಮ ಮಂಡಿಯಲ್ಲಿ ಅಡಿಕೆಗೆ ಒಂದೇ ದರ ಇದೆಯಾ? ಸರಕು ಬೇರೆ, ಬೆಟ್ಟೆ ಬೇರೆ, ರಾಶಿ ಬೇರೆ, ಗೊರಬಲು ಬೇರೆ. ಎಲ್ಲ ಅದೇ ತೋಟದ್ದು, ಕೆಲವೊಮ್ಮೆ ಅದೇ ಮರದ್ದು. ನಾಣ್ಯದಲ್ಲೂ ಹಾಗೇ. ಒಂದೇ ಇಸವಿಯ, ಒಂದೇ ಟಂಕಸಾಲೆಯ ಎರಡು ರೂಪಾಯಿ ತಗೊಳ್ಳಿ. ಒಂದು ಸಂತೆ ಸುತ್ತಿ ಬಂದಿದೆ, ಇನ್ನೊಂದು ಕೈ ಬದಲಾಗದೆ ಪೆಟ್ಟಿಗೆಯಲ್ಲೇ ಮಲಗಿದೆ. ಬೆಲೆ ಒಂದಕ್ಕೆ ಹತ್ತು ಆಗಬಹುದು. ಸವೆತ ಮೊದಲು ಕಾಣುವುದು ಉಬ್ಬಿದ ಜಾಗದಲ್ಲಿ. ರಾಣಿಯ ಕೆನ್ನೆ, ಕಿವಿಯ ಮೇಲಿನ ಕೂದಲು, ಕಿರೀಟದ ಮಣಿ. ಕೂದಲಿನ ಎಳೆ ಎಣಿಸುವ ಹಾಗಿದ್ದರೆ ಸರಕು. ಮುಖ ಬೋಳಾಗಿದ್ದರೆ ಗೊರಬಲು, ತೂಕಕ್ಕೆ ಹಾಕಿ.

ಮತ್ತೆ ನಮ್ಮ ಮನೆಯ ಇನ್ನೊಂದು ಪಾಪದ ಕತೆ ಹೇಳಲೇಬೇಕು. ದೀಪಾವಳಿಯ ಹಿಂದಿನ ದಿನ ಬೆಳ್ಳಿ ರೂಪಾಯಿ ತೊಳೆಯುವ ಕೆಲಸ ನನ್ನದು. ಹುಣಸೆಹಣ್ಣು, ಒಲೆಯ ಬೂದಿ, ತೆಂಗಿನ ನಾರು. ಫಳಫಳ ಹೊಳೆಯುವ ತನಕ ತಿಕ್ಕೋದು. ಎಂಟು ಹತ್ತು ವರ್ಷ ತಿಕ್ಕಿದ್ದೇನೆ. ಐವತ್ತು ವರ್ಷದ ವ್ಯಾಪಾರದಲ್ಲಿ ಸವೆಯದೇ ಉಳಿದದ್ದನ್ನು ನಾನು ಒಬ್ಬನೇ ಸವೆಸಿದೆ. ಬೆಳ್ಳಿ ಮೇಲೆ ತಾನಾಗಿ ಕಟ್ಟಿದ ಕಪ್ಪು ಬಣ್ಣವೇ ಅದರ ರಕ್ಷೆ. ಅದನ್ನು ತೆಗೆದು ಗೀರು ಬೀಳಿಸಿದರೆ ಸಂಗ್ರಾಹಕರು ಮುಟ್ಟಲ್ಲ. ಪೂಜೆಗೆ ಬೇಕೇ ಬೇಕು ಅಂದರೆ ಒಂದು ಸವೆದ ರೂಪಾಯಿಯನ್ನು ಬೇರೆ ಇಟ್ಟುಕೊಳ್ಳಿ, ಅದನ್ನೇ ತೊಳೆಯಿರಿ. ಲಕ್ಷ್ಮಿಗೆ ಬೇಸರವಾಗಲಿಕ್ಕಿಲ್ಲ.

ಮಣ್ಣು ಹಿಡಿದಿದ್ದರೆ ಬರೀ ನೀರಿನಲ್ಲಿ ನೆನೆಸಿ, ಹತ್ತಿ ಬಟ್ಟೆಯಲ್ಲಿ ಒತ್ತಿ ಒರೆಸಿ. ಉಜ್ಜಬೇಡಿ. ನಮ್ಮ ಆಷಾಢದ ಥಂಡಿ ತಾಮ್ರಕ್ಕೆ ದೊಡ್ಡ ಶತ್ರು. ಹಸಿರು ಕಿಲುಬು ಒಂದು ಕಾಸಿನಲ್ಲಿ ಶುರುವಾದರೆ ಅದನ್ನು ಬೇರೆ ಮಾಡಿಡಿ. ಔಷಧಿ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಬಿಸಾಡಬೇಡಿ, ನಾಣ್ಯದ ಡಬ್ಬಿಗೆ ಹಾಕಿ. ರಬ್ಬರ್ ಬ್ಯಾಂಡ್ ಸುತ್ತಬೇಡಿ, ಬೆಳ್ಳಿ ಅಲ್ಲಿ ಪಟ್ಟಿ ಪಟ್ಟಿಯಾಗಿ ಕಪ್ಪಾಗುತ್ತದೆ. ಮೆತ್ತನೆ ಪಿವಿಸಿ ಕವರ್ ಕೂಡ ಬೇಡ, ಕೆಲವು ವರ್ಷದಲ್ಲಿ ಅಂಟಂಟಾಗಿ ಹಸಿರು ಬಿಡುತ್ತದೆ.

ಮುಂದಿನ ಸಾಲಿನ ಒಬ್ಬ ಅಮ್ಮ ತಮ್ಮ ಅತ್ತೆಯ ಪುತಳಿ ಸರದ ಬಗ್ಗೆ ಕೇಳಿದರು. ಒಳ್ಳೇ ಪ್ರಶ್ನೆ. ಪುತಳಿ ಅಂದರೆ ಬೊಂಬೆ. ಅದರ ಮೂಲ ಇಟಲಿಯ ವೆನಿಸ್ ನಗರದ ಬಂಗಾರದ ಡುಕಾಟ್. ಒಂದು ಬದಿಯಲ್ಲಿ ಸಂತ ಮಾರ್ಕನ ಮುಂದೆ ಮಂಡಿಯೂರಿದ ಅಲ್ಲಿನ ದೊರೆ, ಇನ್ನೊಂದು ಬದಿಯಲ್ಲಿ ನಕ್ಷತ್ರಗಳ ನಡುವೆ ಏಸು. ನಮ್ಮವರಿಗೆ ಅದು ಎರಡು ಬೊಂಬೆಯ ಕಾಸು. ಘಟ್ಟದ ಕಾಳುಮೆಣಸು ಹೊನ್ನಾವರ, ಭಟ್ಕಳ, ಬಸರೂರಿನ ಬಂದರಿಗೆ ಇಳಿದು ಹೋಗುತ್ತಿತ್ತು, ಕಡಲ ವ್ಯಾಪಾರದ ಜೊತೆ ಈ ಬಂಗಾರ ಈ ದಡಕ್ಕೆ ಬರುತ್ತಿತ್ತು. ಜನರಿಗೆ ಆ ರೂಪ ಹಿಡಿಸಿತು. ಇಲ್ಲಿನ ಅಕ್ಕಸಾಲಿಗರೇ ಅದನ್ನು ನೋಡಿ ನೋಡಿ ಮಾಡತೊಡಗಿದರು. ಅವರಿಗೆ ಆ ಲಿಪಿ ಗೊತ್ತಿಲ್ಲ, ಗೀಟು ಎಳೆದರು. ಸುತ್ತಲಿನ ಅಕ್ಷರ ಓದಲು ಬಂದರೆ ವೆನಿಸ್, ಗೀಟು ಗೀಟಾಗಿದ್ದರೆ ನಮ್ಮೂರು. ನನಗಂತೂ ಎರಡನೆಯದೇ ಹೆಚ್ಚು ಇಷ್ಟ. ಆದರೆ ಎರಡರಲ್ಲೂ ಕೊಂಡಿ ಬೆಸೆದಿದ್ದರೆ ನಾಣ್ಯವಾಗಿ ಬೆಲೆ ಬಹಳ ಇಳಿಯುತ್ತದೆ. ಅಜ್ಜಿಯ ವರಹಕ್ಕೂ ಕೊಂಡಿ ಇತ್ತು. ಅದನ್ನು ಸಂಗ್ರಾಹಕರಿಗೆ ಕೊಟ್ಟಿದ್ದರೂ ನಾನು ಶ್ರೀಮಂತನಾಗುತ್ತಿರಲಿಲ್ಲ. ಹಾಗಂತ ಕೊಂಡಿ ಕೀಳಿಸಬೇಡಿ, ಗಾಯ ಇನ್ನೂ ದೊಡ್ಡದಾಗುತ್ತದೆ.

ಈಗ ಮೋಸದ ವಿಷಯ. ಇದರಲ್ಲಿ ನನಗೆ ಸಿಟ್ಟು ಜಾಸ್ತಿ, ಕ್ಷಮಿಸಿ.

ರಾಮ, ಸೀತೆ, ಹನುಮಂತ ಇರುವ, 'ಈಸ್ಟ್ ಇಂಡಿಯಾ ಕಂಪನಿ 1818' ಅಂತ ಬರೆದ ತಾಮ್ರದ ದೊಡ್ಡ ಬಿಲ್ಲೆ ಇಲ್ಲಿ ಎಷ್ಟು ಜನರ ಹತ್ತಿರ ಇದೆ? ಕೈ ಎತ್ತಿ, ನಾಚಿಕೆ ಬೇಡ. ಹಾಂ, ಐದಾರು. ಕಂಪನಿ ಯಾವತ್ತೂ ಅಂಥ ಆಣೆ ಅಚ್ಚು ಹಾಕಿಸಿಲ್ಲ. ದೇವಸ್ಥಾನದ ರಾಮಟಂಕಿ ಬೇರೆ, ಅದು ಪೂಜೆಯ ಬಿಲ್ಲೆ, ಅದಕ್ಕೆ ಅದರದ್ದೇ ಮರ್ಯಾದೆ ಇದೆ. ಈ 1818 ಬರೀ ಸುಳ್ಳು ಬಿಲ್ಲೆ. ಇದನ್ನೇ 'ಅಕ್ಕಿ ಎಳೆಯುವ ನಾಣ್ಯ' ಅಂತ ಮಾರುತ್ತಾರೆ. ಸಿಡಿಲು ಬಡಿದ ಲೋಹ, ಇರಿಡಿಯಂ ಇದೆ, ವಿದೇಶಿ ಕಂಪನಿ ಕೋಟಿ ಕೊಡುತ್ತದೆ ಅನ್ನುತ್ತಾರೆ. ಆಮೇಲೆ 'ಪರೀಕ್ಷೆ ಮಾಡಿಸಲು' ನಿಮ್ಮಿಂದ ಲಕ್ಷ ಕೇಳುತ್ತಾರೆ. ಅಕ್ಕಿಗೆ ಕಬ್ಬಿಣದ ಪುಡಿ ಹಿಡಿಸಿ, ಬಿಲ್ಲೆಯ ಕೆಳಗೆ ಆಯಸ್ಕಾಂತ ಇಟ್ಟರೆ ಯಾವ ಬಿಲ್ಲೆಯೂ ಅಕ್ಕಿ ಎಳೆಯುತ್ತದೆ. ತೋಟ ಅಡ ಇಟ್ಟು ದುಡ್ಡು ಕಟ್ಟಿದವರನ್ನು ನಾನು ಕೌಂಟರಿನ ಈಚೆ ಕೂತು ನೋಡಿದ್ದೇನೆ.

ಇನ್ನೊಂದು, ಫೋನಿನಲ್ಲಿ ಬರುವುದು. 'ವೈಷ್ಣೋದೇವಿಯ ಐದು ರೂಪಾಯಿ ಇದೆಯಾ, ಹತ್ತು ಲಕ್ಷ.' ಆ ನಾಣ್ಯ 2012ರಲ್ಲಿ ಬಂದದ್ದು. ಮೊನ್ನೆ ಮೊನ್ನೆ ತರಕಾರಿ ಅಂಗಡಿಯ ಚಿಲ್ಲರೆಯಲ್ಲಿ ನನಗೇ ಸಿಕ್ಕಿತು. ಹತ್ತು ಲಕ್ಷ ಕೊಡುವವರು ಮೊದಲು ನಿಮ್ಮಿಂದ ನೋಂದಣಿ ಫೀಸು, ಜಿಎಸ್‌ಟಿ, ಕಮಿಷನ್ ಕೇಳುತ್ತಾರೆ. ರಿಸರ್ವ್ ಬ್ಯಾಂಕಿನ ಹೆಸರು, ಲಾಂಛನ ಹಾಕಿದ ಪತ್ರ ಕಳಿಸುತ್ತಾರೆ. ರಿಸರ್ವ್ ಬ್ಯಾಂಕೇ 2021ರ ಆಗಸ್ಟಿನಲ್ಲಿ ಪ್ರಕಟಣೆ ಕೊಟ್ಟು ಹೇಳಿದೆ: ತಾನು ಇಂಥ ವ್ಯವಹಾರ ಮಾಡುವುದಿಲ್ಲ, ಯಾರಿಂದಲೂ ಇದಕ್ಕೆ ಫೀಸು ಕಮಿಷನ್ ಕೇಳುವುದಿಲ್ಲ ಅಂತ. ನಾಣ್ಯ ಕೊಳ್ಳುವವರು ನಿಮಗೆ ದುಡ್ಡು ಕೊಡಬೇಕು. ನೀವು ಅವರಿಗೆ ಕೊಡುವುದು ಎಲ್ಲಿಯ ಲೆಕ್ಕ?

ಅಂತೂ ಬೆಲೆಗೆ ಬಂದೆವು. ಯಾರದು, ಎಲ್ಲಿಯದು, ಯಾವ ಬಗೆ, ಅಸಲಿಯೋ, ಸ್ಥಿತಿ ಹೇಗಿದೆ, ಇಷ್ಟು ಗೊತ್ತಾದ ಮೇಲೆ ಬೆಲೆ ಕಂಡುಹಿಡಿಯೋದು ಅಷ್ಟು ಕಷ್ಟವಲ್ಲ. ಬಂಗಾರ ಬೆಳ್ಳಿ ನಾಣ್ಯಕ್ಕೆ ಅವತ್ತಿನ ಲೋಹದ ಬೆಲೆಯೇ ತಳ. 1940ಕ್ಕೆ ಹಿಂದಿನ ಬೆಳ್ಳಿ ರೂಪಾಯಿಯಲ್ಲಿ ಅಪ್ಪಟ ಬೆಳ್ಳಿ 10.69 ಗ್ರಾಂ, ಇವತ್ತಿನ ದರದಿಂದ ಗುಣಿಸಿಕೊಳ್ಳಿ. ಅದಕ್ಕಿಂತ ಕಡಿಮೆಗೆ ಯಾರಿಗೂ ಕೊಡಬೇಡಿ. ಅದರ ಮೇಲಿನದು ಅಪರೂಪಕ್ಕೂ ಅಂದಕ್ಕೂ. ಇದಕ್ಕೆ ಹರಾಜು ಮನೆಗಳ ಹಳೇ ಫಲಿತಾಂಶ ನೋಡಿ. ಇಂಥ ನಾಣ್ಯ, ಇಂಥ ಸ್ಥಿತಿಯಲ್ಲಿ, ನಿಜವಾಗಿ ಎಷ್ಟಕ್ಕೆ ಹೋಯಿತು ಅಂತ ಅದರಲ್ಲಿ ಇರುತ್ತದೆ. ಅಂಗಡಿಯ ಜಾಲತಾಣದಲ್ಲಿ ಬರೆದಿರುವ ಬೆಲೆ ಅವರ ಆಸೆ. ನಾನೂ ನನ್ನ ಹಳೇ ಸ್ಕೂಟರಿಗೆ ಒಂದು ಲಕ್ಷ ಅಂತ ಚೀಟಿ ಅಂಟಿಸಬಹುದು. ಇನ್ನು ವ್ಯಾಪಾರಿ ನಿಮ್ಮಿಂದ ಕೊಳ್ಳುವ ಬೆಲೆ, ಮಾರುವ ಬೆಲೆಗಿಂತ ಕಡಿಮೆ ಇದ್ದೇ ಇರುತ್ತದೆ. ಅವನೂ ಅಂಗಡಿ ಬಾಡಿಗೆ ಕಟ್ಟಬೇಕು. ಇಬ್ಬರು ಮೂವರಿಗೆ ತೋರಿಸಿ, ಅವಸರ ಮಾಡಬೇಡಿ.

ಗುರುತು ಮಾತ್ರ ತಿಳಿಯಬೇಕು ಅಂದರೆ ಕೆಳದಿಯ ವಸ್ತು ಸಂಗ್ರಹಾಲಯ ಇಲ್ಲೇ ಪಕ್ಕದಲ್ಲಿದೆ. ಶಿವಮೊಗ್ಗದ ಶಿವಪ್ಪ ನಾಯಕ ಅರಮನೆಯಲ್ಲಿ ಸರಕಾರಿ ವಸ್ತು ಸಂಗ್ರಹಾಲಯವಿದೆ. ಹೋಗಿ ವಿಚಾರಿಸಿ.

'ನೆಲ ಅಗೆಯುವಾಗ ಗಡಿಗೆ ಸಿಕ್ಕಿದರೆ?' ಅಂತ ಒಬ್ಬರು ಮೆಲ್ಲಗೆ ಕೇಳಿದರು. ಸಿಕ್ಕಿದೆಯಾ ಅಂತ ನಾನು ಕೇಳಲಿಲ್ಲ. ಮನೆಯಲ್ಲಿ ತಲೆಮಾರಿನಿಂದ ಬಂದ ನಾಣ್ಯ ನಿಮ್ಮದು. ನೆಲದಲ್ಲಿ ಸಿಕ್ಕಿದ್ದು ನಿಧಿ, ಅದಕ್ಕೆ ಬೇರೆ ಕಾನೂನಿದೆ. ಬ್ರಿಟಿಷರ 1878ರ ಕಾಯ್ದೆ, ಆಮೇಲೆ ನಮ್ಮ ರಾಜ್ಯದ 1962ರ ಕಾಯ್ದೆ. ಜಿಲ್ಲಾಧಿಕಾರಿಗೆ ತಿಳಿಸಬೇಕು. ಮುಚ್ಚಿಟ್ಟರೆ ಅಪರಾಧ. ನೂರು ವರ್ಷ ದಾಟಿದ ನಾಣ್ಯವನ್ನು ದೇಶದ ಹೊರಗೆ ಕಳಿಸುವಂತಿಲ್ಲ, ಅಮೆರಿಕದ ಮೊಮ್ಮಗನಿಗೆ ಉಡುಗೊರೆ ಅಂತಲೂ ಇಲ್ಲ. ಮತ್ತೆ ಗಡಿಗೆ ಸಿಕ್ಕರೆ ಅದರಲ್ಲಿದ್ದದ್ದನ್ನು ಬಿಡಿ ಬಿಡಿ ಮಾಡಬೇಡಿ. ಯಾವ ನಾಣ್ಯದ ಜೊತೆ ಯಾವುದಿತ್ತು ಅನ್ನೋದರಿಂದಲೇ ಅದನ್ನು ಹೂತ ಕಾಲ ಗೊತ್ತಾಗುವುದು.

ಸರಿ, ಇನ್ನು ಡಬ್ಬಿಗಳನ್ನು ತೆರೆಯೋಣ. ಒಬ್ಬೊಬ್ಬರಾಗಿ ಈ ಮೇಜಿನ ಹತ್ತಿರ ಬನ್ನಿ. ಕರೆಂಟು ಹೋದರೂ ತಕ್ಕಡಿ ಬ್ಯಾಟರಿಯದು, ಚಿಂತೆ ಇಲ್ಲ. ಕಿಟಕಿ ಪಕ್ಕದ ಅಜ್ಜಿ ಮೊದಲು ಬರಲಿ, ಅವರಿಗೆ ಮೂರೂವರೆಗೆ ಬಸ್ಸಂತೆ. ಅಜ್ಜೀ, ಸರ ಬಿಚ್ಚಬೇಡಿ, ಕೊರಳಲ್ಲೇ ಇರಲಿ. ಆ ಬಿಲ್ಲೆಯನ್ನು ಸ್ವಲ್ಪ ಹಾಗೇ ಮಗುಚಿ ತೋರಿಸಿ.